ಗುಳ್ಳವ್ವನ ಕಿವಿ

ಅಥಣಿ ರಸ್ತೆಯ ಹೊಸ ಲೇಔಟಿನಲ್ಲಿ ನಮ್ಮ ಮನೆಯ ಎದುರಿಗೆ ಒಬ್ಬರು ಮನೆ ಕಟ್ಟಿಸಿ, ಕಾಂಪೌಂಡ್ ಗೋಡೆಯ ತುಂಬ ಸೀನರಿ ಬರೆಸಿದ್ದಾರೆ. ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಗುಡ್ಡದ ಸಂದಿಯಿಂದ ಇಳಿದು ಬರುವ ನದಿ, ದಂಡೆಗೆ ಗುಡಿಸಲು, ಅದರ ಮಗ್ಗುಲಿಗೆ ಬಾಗಿದ ತೆಂಗಿನ ಮರ, ಮೇಲೆ ನಾಲ್ಕು ಹಕ್ಕಿ. ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ಬಾಗಿಲು ತೆರೆದರೆ ಅದು ಮುಖಕ್ಕೆ ರಾಚುತ್ತದೆ. ವಿಜಯಪುರದ ಸುತ್ತ ಅಂಥ ಗುಡ್ಡವೂ ಇಲ್ಲ, ಅಂಥ ನದಿಯೂ ಇಲ್ಲ. ಹಾದು ಹೋಗುವವರು ಮಾತ್ರ ನಿಂತು ನೋಡಿ ಬಾಯಿ ತುಂಬ ಹೊಗಳುತ್ತಾರೆ. ನನಗೆ ವಾಕರಿಕೆ ಬರುತ್ತದೆ. ಅದನ್ನು ಬರೆದ ಪೇಂಟರ್ ಏಣಿಯ ಮೇಲಿಂದಲೇ ನನ್ನನ್ನು ಗುರುತು ಹಿಡಿದು, ಬ್ರಷ್ ಹಿಡಿದ ಕೈಯನ್ನೇ ಎತ್ತಿ ನಮಸ್ಕಾರ ಮಾಡಿದ.

"ಟೀಚರ, ನೆನಪ ಐತೇನ್ರಿ? ಐದನೇ ಕ್ಲಾಸಿನ್ಯಾಗ ನೀವ ಕಲಿಸಿದ್ದ ಸೀನರಿ ಇದು. ಒಂದ್ ಗೆರಿ ಬದಲಿ ಮಾಡಿಲ್ಲ ನೋಡ್ರಿ!"

ಹೌದು, ನಾನೇ ಕಲಿಸಿದ್ದು. ಕೂದಲು ಬೆಳ್ಳಗಾಗುವ ತನಕ ಸಾಲೆಯಿಂದ ಸಾಲೆಗೆ ವರ್ಗವಾಗುತ್ತ, ಹೋದ ಹೋದಲ್ಲಿ ಕರಿಹಲಗೆಯ ಮೇಲೆ ಈ ಎರಡು ಗುಡ್ಡ ಬರೆದು ತೋರಿಸಿದ್ದೇನೆ. ಮಕ್ಕಳು ಬೇರೇನಾದರೂ ಗೀಚಿದರೆ ರಬ್ಬರ್ ಹಿಡಿದು ಒರೆಸಿದ್ದೇನೆ. ನಾನು ಹೀಗೆ ಹೇಗಾದೆ ಎಂದು ಕೇಳಿಕೊಂಡಾಗಲೆಲ್ಲ ಬಬಲೇಶ್ವರದ ನಮ್ಮ ಮನೆಯ ಪಡಸಾಲೆಗೇ ಹೋಗಿ ನಿಲ್ಲುತ್ತೇನೆ. ಅಲ್ಲಿಯ ವಿಷಯ ಬರೆಯಲು ನನಗೆ ಸಂತೋಷವೇನೂ ಇಲ್ಲ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮುಂದೆ ಕಟ್ಟೆ, ಒಳಗೆ ಕತ್ತಲೆ ತುಂಬಿದ ಉದ್ದನೆಯ ಪಡಸಾಲೆ, ಅದರಾಚೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲೇ ದೇವರ ಜಗಲಿ. ಅಪ್ಪನದು ಬಜಾರಿನಲ್ಲಿ ಬಟ್ಟೆ ಅಂಗಡಿ. ಬಟ್ಟೆ ಗಿರಣಿಯವರು ವರ್ಷವರ್ಷವೂ ಕೊಡುತ್ತಿದ್ದ ದೇವರ ಕ್ಯಾಲೆಂಡರುಗಳನ್ನು ಅಪ್ಪ ಒಂದನ್ನೂ ಬಿಸಾಡುತ್ತಿರಲಿಲ್ಲ. ತಾರೀಖಿನ ಹಾಳೆ ಕತ್ತರಿಸಿ, ಚಿತ್ರವನ್ನಷ್ಟೇ ಉಳಿಸಿ, ಪಡಸಾಲೆಯ ಗೋಡೆಗೆ ಸಾಲಾಗಿ ಮೊಳೆ ಹೊಡೆಯುತ್ತಿದ್ದ. ಗುಲಾಬಿ ಕೆನ್ನೆ, ಸಣ್ಣ ಮೂಗು, ಹಿಟ್ಟಿನಲ್ಲಿ ಅದ್ದಿ ತೆಗೆದಂಥ ಬಿಳಿ ಕೈಗಳ ಲಕ್ಷ್ಮಿಯರು. ಜೋಳದ ರೊಟ್ಟಿ, ಪುಂಡಿಪಲ್ಯ ತಿನ್ನುತ್ತ ನಾವು ನೋಡುತ್ತಿದ್ದುದು ಇವರನ್ನೇ. ನಮ್ಮ ಮನೆಯಲ್ಲಿ ಯಾರೂ ಆ ಬಣ್ಣದವರಿರಲಿಲ್ಲ. ಅವ್ವ ಒಲೆಯ ಮುಂದೆ ಕೂತು ಕೂತು ಕಪ್ಪಿಟ್ಟಿದ್ದಳು, ಅಪ್ಪನ ತಾಯಿಯಾದ ನಮ್ಮ ಆಯಿಯ ಮುಖದಲ್ಲಿ ಹಚ್ಚೆಯ ಹಸಿರು ಬಿಟ್ಟರೆ ಉಳಿದದ್ದೆಲ್ಲ ಸುಕ್ಕು. ದೇವರೆಂದರೆ ನಮ್ಮಂತಿರಬಾರದು ಎಂಬುದನ್ನು ನಾನು ಊಟದ ಜೊತೆಗೇ ನುಂಗಿದೆ.

ಆದರೆ ಆ ಮನೆಯಲ್ಲಿ ಇನ್ನೊಂದು ದೇವರಿತ್ತು, ವರ್ಷಕ್ಕೊಮ್ಮೆ ಬರುವಂಥದ್ದು. ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಹಸಿಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಿ, ಕುಸುಬಿ ಕಾಳು, ಗುಲಗಂಜಿ ಚುಚ್ಚಿ ಸಿಂಗರಿಸಿ, ಓಣಿಯವರನ್ನು ಕರೆದು ಆರತಿ ಮಾಡಿ ಹಾಡುವ ಪದ್ಧತಿ ನಮ್ಮ ಕಡೆ ಎಲ್ಲ ಮನೆಗಳಲ್ಲೂ ಉಂಟು. ನಮ್ಮ ಮನೆಯದು ಮಾತ್ರ ಒಂದು ಕೈ ಹೆಚ್ಚು. ಆಯಿ ಮಮದಾಪುರದವಳು. ತನ್ನ ತವರಿನ ಕೆರೆಯ ಮಣ್ಣೇ ಆಗಬೇಕೆಂದು ಹಟ ಹಿಡಿದು, ಒದ್ದೆ ಗೋಣಿಚೀಲದಲ್ಲಿ ಅದನ್ನು ಕಟ್ಟಿ ಬಸ್ಸಿನಲ್ಲಿ ತರುತ್ತಿದ್ದಳು. ಪ್ರತಿ ವರ್ಷವೂ ಕಂಡಕ್ಟರನ ಜೊತೆ ಜಗಳ ತಪ್ಪುತ್ತಿರಲಿಲ್ಲ. ಆಕೆಯ ಎರಡನೆಯ ಹಟ, ಗುಳ್ಳವ್ವನನ್ನು ಮಾಡುವವಳು ಮನೆಯಲ್ಲಿ ಎಲ್ಲರಿಗಿಂತ ಸಣ್ಣ ಹುಡುಗಿಯೇ ಆಗಿರಬೇಕು ಎಂಬುದು. ಮಣ್ಣು ಕಲಸುವಷ್ಟು ಕೈ ಬಂದರೆ ಸಾಕು. ಉಳಿದವರು ನೀರು ಕೊಡಬಹುದು, ಕಾಳು ಆರಿಸಿ ಕೊಡಬಹುದು, ಮುಟ್ಟಕೂಡದು. ಯಾಕೆ ಎಂದು ಅವ್ವ ಒಮ್ಮೆ ಕೇಳಿದ್ದಕ್ಕೆ ಆಯಿ ಹೇಳಿದ್ದು ಇಷ್ಟೇ:

"ದೊಡ್ಡೋರ ಕೈಗೆ ಹೆಂಗ ಇರಬೇಕು ಅನ್ನೂದು ಗೊತ್ತಿರತೈತಿ. ಗೊತ್ತಿದ್ದ ಕೈ ಬ್ಯಾಡ ಆಕೀಗಿ."

ನನಗೆ ಐದು ತುಂಬಿದ ವರ್ಷ ಆ ಅಧಿಕಾರ ನನ್ನ ಕೈಗೆ ಬಂತು. ನಾನು ಮಾಡಿದ್ದು ಒಂದು ಮುದ್ದೆ. ಮೇಲೊಂದು ಸಣ್ಣ ಮುದ್ದೆ, ಅದಕ್ಕೆ ಎರಡು ಗುಲಗಂಜಿ. ಅಷ್ಟಕ್ಕೇ ನಾನು ಹಿರಿಹಿರಿ ಹಿಗ್ಗಿದ್ದೆ. ನನಗೆ ಅದರಲ್ಲಿ ಕೈ, ಕಾಲು, ಸೀರೆ, ಸಿಟ್ಟು ಎಲ್ಲ ಕಾಣುತ್ತಿದ್ದವು, ನನಗೆ ಕಂಡದ್ದು ಎಲ್ಲರಿಗೂ ಕಾಣುತ್ತದೆ ಎಂದೇ ನಂಬಿದ್ದೆ. ಆಯಿ ಇದೇನು ಎಂದು ಕೇಳಲಿಲ್ಲ, ಚಂದ ಆಗಿದೆ ಎಂದೂ ಹೇಳಲಿಲ್ಲ. ಎದುರಿಗೆ ಕುಕ್ಕರುಗಾಲಲ್ಲಿ ಕೂತು ಕೇಳಿದಳು.

"ಏನ್ ಮಾಡಾಕತ್ತಾಳ ಈಕಿ?"

"ಸಿಟ್ಟ ಬಂದೈತಿ. ಕರಿಗಡಬು ಕೊಟ್ಟಿಲ್ಲಂತ ಕುಂತಾಳ."

"ಹೌದಾ ಯವ್ವಾ? ಹಂಗಾರ ಮೊದಲ ಕಡಬು ಮಾಡೂನು ತಡಿ" ಎಂದು ಆಯಿ ನಿಜವಾಗಿಯೂ ಎದ್ದು ಹೋಗಿ ಬೆಲ್ಲ ಕುಟ್ಟತೊಡಗಿದಳು.

ಏಳರ ಹೊತ್ತಿಗೆ ನನಗೆ ಬಣ್ಣದ ಹುಚ್ಚು ಹಿಡಿಯಿತು. ಎಷ್ಟು ಹೆಚ್ಚೋ ಅಷ್ಟು ಒಳ್ಳೆಯದು. ಒಡೆದ ಬಳೆ, ಹಣೆಯ ಟಿಕಳಿ, ಸೋಡಾ ಬಾಟಲಿಯ ಮುಚ್ಚಳ, ಅಪ್ಪನ ಅಂಗಡಿಯ ಜರಿಯ ತುಂಡು, ಕೈಗೆ ಸಿಕ್ಕದ್ದನ್ನೆಲ್ಲ ಗುಳ್ಳವ್ವನಿಗೆ ಮೆತ್ತಿ ಮಣ್ಣೇ ಕಾಣದಂತೆ ಮಾಡಿದೆ. ಆಯಿ ಅದಕ್ಕೂ ಆರತಿ ಬೆಳಗಿದಳು. ಕೆಟ್ಟದ್ದು ಶುರುವಾದದ್ದು ಒಂಬತ್ತರಲ್ಲಿ. ನಮ್ಮ ಮನೆಯಿಂದ ಮೂರನೆಯ ಮನೆಗೆ ಗುಳ್ಳವ್ವನ ಆರತಿಗೆ ಹೋದೆ. ಅಲ್ಲಿ ಹುಡುಗಿಯ ತಾಯಿಯೇ ಕೂತು ಗೊಂಬೆ ಮಾಡಿದ್ದಳು. ಮೂಗಿತ್ತು, ತುಟಿಯಿತ್ತು, ನಡುವಿತ್ತು. ಹೆಂಗಸರೆಲ್ಲ "ಥೇಟ್ ಕ್ಯಾಲೆಂಡರಿನ್ಯಾಗಿನ ಲಕ್ಷ್ಮೀ ನೋಡ್ರಿ" ಎಂದು ಬಾಯಿ ಬಾಯಿ ಬಿಟ್ಟರು. ಮನೆಗೆ ಬಂದು ನನ್ನದನ್ನು ನೋಡಿದೆ. ಮೊದಲ ಸಲ ಅದು ನನಗೂ ಬರೀ ಮುದ್ದೆಯಾಗಿ ಕಂಡಿತು. ಥೂ, ಎಂಥ ಹೊಲಸು ಕೈ ನನ್ನದು ಎನ್ನಿಸಿತು. ಕಲೆ ಅರ್ಥವಾಗುವುದು ಎಂದು ಪುಸ್ತಕದವರು ಏನನ್ನು ಕರೆಯುತ್ತಾರೋ ನನಗೆ ಗೊತ್ತಿಲ್ಲ, ನನಗೆ ಅದು ಹೀಗೆ ನನ್ನ ಕೈ ನನಗೇ ಹೇಸಿಕೆಯಾಗುವುದರಿಂದ ಶುರುವಾಯಿತು.

ಅದೇ ವರ್ಷ ನಮ್ಮ ಕಟ್ಟೆಯ ಪಕ್ಕದ ಕೋಣೆಗೆ ಸಾಲೆಯ ಡ್ರಾಯಿಂಗ್ ಮಾಸ್ತರರು ಬಾಡಿಗೆಗೆ ಬಂದರು. ಇಸ್ತ್ರಿ ಹಾಕಿದ ಅಂಗಿ, ಕಿಸೆಯಲ್ಲಿ ಮೊನೆ ಚೂಪಾದ ಮೂರು ಪೆನ್ಸಿಲ್. ಸಂಜೆ ಐದಾರು ಮಕ್ಕಳನ್ನು ಕಟ್ಟೆಯ ಮೇಲೆ ಕೂರಿಸಿ ಕಲಿಸುತ್ತಿದ್ದರು. ತಂಬಿಗೆ, ಬಾಳೆಹಣ್ಣು, ಎಲೆ, ಮತ್ತು ಅದೇ ಎರಡು ಗುಡ್ಡ. ನಮ್ಮ ಸೀಮೆಯಲ್ಲಿ ಆಕಾಶ ನೆಲಕ್ಕೆ ಬಂದು ಮುಟ್ಟುತ್ತದೆ, ನಡುವೆ ಅಡ್ಡ ಬರುವುದು ಜಾಲಿಗಿಡ ಒಂದೇ. ನಾನು ಜಾಲಿಗಿಡ ಬರೆದರೆ ಮಾಸ್ತರರು ಅದನ್ನು ತೆಂಗಿನ ಮರ ಮಾಡುತ್ತಿದ್ದರು. ಅವರು ಕೆಟ್ಟವರಲ್ಲ, ಮಕ್ಕಳ ಮೇಲೆ ಕೈ ಎತ್ತಿದವರಲ್ಲ. ಅವರಿಗೂ ಯಾರೋ ಹಾಗೆ ಕಲಿಸಿದ್ದರು.

ವಿಜಯಪುರದಲ್ಲಿ ಮಕ್ಕಳ ಚಿತ್ರಕಲಾ ಸ್ಪರ್ಧೆ ಇದೆ, ಮನೆಯಲ್ಲೇ ಬರೆದು ಕಳಿಸಬೇಕು ಎಂದು ಅವರು ಹೇಳಿದಾಗ ನಾನು ಅವ್ವ ರೊಟ್ಟಿ ಬಡಿಯುವುದನ್ನು ಬರೆದೆ. ಅವ್ವನಿಗೆ ಮೂರು ಕೈ ಬರೆದಿದ್ದೆ. ಒಂದು ರೊಟ್ಟಿ ಬಡಿಯುತ್ತಿತ್ತು, ಒಂದು ಹಂಚಿನ ಮೇಲಿನದಕ್ಕೆ ನೀರು ಸವರುತ್ತಿತ್ತು, ಒಂದು ಒಲೆಗೆ ಕಟ್ಟಿಗೆ ದೂಡುತ್ತಿತ್ತು. ಅವ್ವನನ್ನು ನೋಡುತ್ತ ಕೂತರೆ ಹಾಗೇ ಕಾಣುತ್ತಿತ್ತು, ನಾನೇನು ಮಾಡಲಿ? ಮಾಸ್ತರರು ನಕ್ಕರು.

"ಎಲ್ಲಿ ನೋಡೀದಿ ಸುವ್ವಿ, ಮೂರ ಕೈ ಇದ್ದಾಕಿನ್ನ? ಕೊಡಿಲ್ಲಿ, ಒಂಚೂರು ನೀಟ್ ಮಾಡತೀನಿ."

ಒಂದು ಕೈ ಒರೆಸಿದರು. ಆಮೇಲೆ ಮುಖ ಒರೆಸಿ ಬೇರೆ ಮುಖ ಬರೆದರು. ಒಲೆ ಒರೆಸಿದರು. ಕೊನೆಗೆ ಚಿತ್ರದಲ್ಲಿ ನನ್ನದೆಂದು ಉಳಿದದ್ದು ಮೂಲೆಯಲ್ಲಿ ಬರೆದ ನನ್ನ ಹೆಸರು ಮಾತ್ರ. ಗುಲಾಬಿ ಕೆನ್ನೆಯ ಯಾವಳೋ ಒಬ್ಬಳು ಚಪಾತಿ ಲಟ್ಟಿಸುತ್ತ ಕೂತಿದ್ದಳು. ಅದಕ್ಕೆ ಮೊದಲ ಬಹುಮಾನ ಬಂತು. ಅಪ್ಪ ಅದಕ್ಕೆ ಕಟ್ಟು ಹಾಕಿಸಿ ಲಕ್ಷ್ಮಿಯರ ಸಾಲಿಗೆ ಸೇರಿಸಿದ. ಅಂಗಡಿಗೆ ಬಂದ ಗಿರಾಕಿಯನ್ನೂ ಮನೆಯ ತನಕ ಕರೆತಂದು "ನಮ್ಮ ಹುಡುಗಿ ತಗದದ್ರಿ" ಎಂದು ತೋರಿಸುತ್ತಿದ್ದ. ನಾನು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿರುತ್ತಿದ್ದೆ, ಅವರು ಅದನ್ನು ನಾಚಿಕೆ ಎಂದುಕೊಳ್ಳುತ್ತಿದ್ದರು. ನನಗೆ ದುಃಖವಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಸುಖವಾಗಿದ್ದೆ. ಮಾಸ್ತರರ ಮೇಲೆ ಉಪಕಾರದ ಭಾವವೂ ಇತ್ತು. ನನ್ನ ಹೊಲಸನ್ನು ಯಾರೋ ತೊಳೆದುಕೊಟ್ಟಂತೆ ಅನ್ನಿಸಿತ್ತು. ಇಂದು ನೆನೆದರೆ ಮೈಯೆಲ್ಲ ಅಸಹ್ಯವಾಗುವುದು ಆ ಸುಖಕ್ಕೇ. ಅವ್ವ ಒಬ್ಬಳೇ ಚಿತ್ರದ ಮುಂದೆ ನಿಂತು, "ಯಾರ ಈಕಿ?" ಎಂದು ಕೇಳಿ ರೊಟ್ಟಿ ಬಡಿಯಲು ಹೋದಳು.

ಮುಂದಿನ ಆಷಾಢಕ್ಕೆ ನನಗೆ ಹತ್ತು, ನನ್ನ ತಂಗಿ ಕಸ್ತೂರಿಗೆ ಐದು. ಆಯಿ ಮಣ್ಣಿನ ಚೀಲವನ್ನು ಕಸ್ತೂರಿಯ ಮುಂದೆ ಬಿಚ್ಚಿದಳು. ಈಗಷ್ಟೇ ಮೂಗು ಮಾಡಲು ಕಲಿತಿದ್ದೇನೆ, ತುಟಿ ಮಾಡಲು ಕಲಿತಿದ್ದೇನೆ, ಕೈ ಬಂದ ವರ್ಷವೇ ಅಧಿಕಾರ ಹೋಯಿತು.

"ಆಯಿ, ಈ ವರ್ಷ ನಾ ಮಾಡತೇನ ಬೇ. ಭಾರೀ ಚಂದ ಮಾಡತೇನಿ. ಆಕೀಗಿ ಏನ್ ಬರತೈತಿ?"

"ಬರೂದಿಲ್ಲಂತ ಆಕೀಗಿ ಕೊಟ್ಟೇನಿ. ನೀ ಕುಸುಬಿ ಆರಸ" ಎಂದಳು ಆಯಿ. ಅಲ್ಲಿಗೆ ಮುಗಿಯಿತು.

ಕಸ್ತೂರಿ ಮಧ್ಯಾಹ್ನದ ತನಕ ಮಾತಿಲ್ಲದೆ ಕೂತು ಮಾಡಿದಳು. ಅಷ್ಟು ವಾಚಾಳಿ ಹುಡುಗಿ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಅವತ್ತೊಂದೇ ದಿನ ಕಂಡದ್ದು. ಅವಳ ಗುಳ್ಳವ್ವನಿಗೆ ಬಾಯಿ ಇರಲಿಲ್ಲ. ಮೂಗೂ ಇರಲಿಲ್ಲ. ಕಿವಿಗಳಿದ್ದವು, ಒಂದೊಂದೂ ಪೂರಿಯಷ್ಟು ಅಗಲ. ಮೈಯೆಲ್ಲ ಒಂದು ಮಗ್ಗುಲಿಗೆ ವಾಲಿತ್ತು. ಆಯಿ ಎಂದಿನಂತೆ ಎದುರಿಗೆ ಕುಕ್ಕರಿಸಿದಳು.

"ಏನ್ ಮಾಡಾಕತ್ತಾಳ ಈಕಿ?"

"ನೀ ಹಾಡ ಹೇಳತೀಯಲ್ಲ, ಅದನ್ನ ಕೇಳಾಕತ್ತಾಳ. ಮಾತಾಡೂದಿಲ್ಲ. ಕೇಳತಾಳ ಅಷ್ಟ."

ಆಯಿ ಬಹಳ ಹೊತ್ತು ಅದನ್ನೇ ನೋಡಿದಳು. ನಾನು ಹಿಂದೆ ಗುಳ್ಳವ್ವನನ್ನು ಮಾಡಿದ ಐದು ವರ್ಷಗಳಲ್ಲಿ ಅವಳು ಅಷ್ಟು ಹೊತ್ತು ಯಾವುದನ್ನೂ ನೋಡಿರಲಿಲ್ಲ. ಬೇಡ, ನೇರವಾಗಿಯೇ ಬರೆಯುತ್ತೇನೆ: ನನಗೆ ಮತ್ಸರವಾಯಿತು. ಆಯಿ ಕಸ್ತೂರಿಯ ಕೈ ತೊಳೆಸಿ, ಓಣಿಯವರನ್ನು ಆರತಿಗೆ ಕರೆಯಲು ಅವಳನ್ನು ಕರೆದುಕೊಂಡು ಹೋದಳು. ಅವ್ವ ಹಿತ್ತಲಲ್ಲಿದ್ದಳು. ಮನೆಯಲ್ಲಿ ನಾನು ಮತ್ತು ಆ ಕಿವಿಯವಳು ಇಬ್ಬರೇ. ಇನ್ನೊಂದು ಗಳಿಗೆಗೆ ಓಣಿಯ ಹೆಂಗಸರೆಲ್ಲ ಬರುತ್ತಾರೆ, ಮಾಸ್ತರರೂ ಬರಬಹುದು, ಬಹುಮಾನ ತೆಗೆದುಕೊಂಡ ಹುಡುಗಿಯ ಮನೆಯಲ್ಲಿ ಇಂಥ ವಿಕಾರ ಕೂತಿದೆ ಎಂದು ನಗುತ್ತಾರೆ, ನಾನು ತಂಗಿಗೆ ಸಹಾಯ ಮಾಡುತ್ತಿದ್ದೇನೆ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ ಕಿವಿ ಎರಡನ್ನೂ ಹಿಸುಕಿ ಕಿತ್ತೆ. ಆ ಮಣ್ಣಿನಲ್ಲೇ ಮೂಗು ಮಾಡಿದೆ. ವಾಲಿದ ಮೈಯನ್ನು ನೆಟ್ಟಗೆ ನಿಲ್ಲಿಸಿ ನಡು ಸಣ್ಣ ಮಾಡಿದೆ. ತುಟಿ ಮೂಡಿಸಿದೆ, ಕೆನ್ನೆಗೆ ಕುಂಕುಮ ಹಚ್ಚಿದೆ. ನನ್ನ ಕೈ ಒಮ್ಮೆಯೂ ತಪ್ಪಲಿಲ್ಲ. ಮಾಸ್ತರರು ನೋಡಿದ್ದರೆ ಶಹಬ್ಬಾಸ್ ಎನ್ನುತ್ತಿದ್ದರು.

ಹೆಂಗಸರು ಬಂದರು. ಒಳಗೆ ಕಾಲಿಟ್ಟವರೇ ಕಸ್ತೂರಿಯ ಗಲ್ಲ ಹಿಡಿದು ಮುದ್ದಾಡಿದರು.

"ಯವ್ವ ಯವ್ವಾ, ಐದ ವರ್ಷದ ಕೂಸು ಎಂಥಾ ಗುಳ್ಳವ್ವನ್ನ ಮಾಡೇತ್ರಿ! ಜೀವಾ ಬಂದಂಗ ಆಗೈತಿ!"

ಕಸ್ತೂರಿ ಗುಳ್ಳವ್ವನನ್ನು ನೋಡಿದಳು. ಅಳಲಿಲ್ಲ, ಇದು ನನ್ನದಲ್ಲ ಎನ್ನಲಿಲ್ಲ. ಮುಂದೆ ಹೋಗಿ ಅಡ್ಡಬಿದ್ದವಳು ಎಷ್ಟು ಹೊತ್ತಾದರೂ ಏಳಲಿಲ್ಲ, ಅವ್ವನೇ ಎಬ್ಬಿಸಬೇಕಾಯಿತು. ಅವಳಿಗೂ ಹಿಡಿಸಿದೆ ಎಂದುಕೊಂಡು ನಾನು ಉಬ್ಬಿದೆ. ಆಯಿ ಆರತಿ ಬೆಳಗಿದಳು, ಆದರೆ ಹಾಡು ಹೇಳಲಿಲ್ಲ. ಗಂಟಲು ಕಟ್ಟಿದೆ ಎಂದು ಹೆಂಗಸರಿಗೆ ಹೇಳಿ ಅವರಿಂದಲೇ ಹಾಡಿಸಿದಳು. ಎಲ್ಲರೂ ಹೋದ ಮೇಲೆ ನನ್ನನ್ನು ಬಚ್ಚಲಿಗೆ ಕರೆದು ಕೈಗೆ ನೀರು ಹಾಕಿದಳು. ಉಗುರಿನ ಸಂದಿಯ ಮಣ್ಣು ಹೋಗುವ ತನಕ ತಿಕ್ಕಿದಳು, ಬೆರಳು ಉರಿಯುವಷ್ಟು.

"ಹುಡುಗಿ ಬಾಯಿಗಿ ಮಣ್ಣ ಹಾಕೀದಿ" ಎಂದಳು.

ಎರಡನೆಯ ಮಂಗಳವಾರ ಆಯಿ ಮಣ್ಣು ತಂದು ಇಟ್ಟರೆ ಕಸ್ತೂರಿ "ನಾ ಒಲ್ಲೆ" ಎಂದಳು. ಮೂರನೆಯ ವಾರವೂ ಒಲ್ಲೆ ಎಂದಳು. ನಾನು ಮಾಡುತ್ತೇನೆ ಎಂದು ಮುಂದೆ ಬಂದೆ, ಆಯಿ ನನ್ನತ್ತ ತಿರುಗಿಯೂ ನೋಡಲಿಲ್ಲ. ಹಸಿಮಣ್ಣಿನ ಹೆಂಟೆಯನ್ನೇ ಜಗಲಿಯ ಮೇಲಿಟ್ಟು ಅದಕ್ಕೇ ಅರಿಸಿನ ಕುಂಕುಮ ಏರಿಸಿ ಆಷಾಢ ಮುಗಿಸಿದಳು. ಮುದುಕಿಗೆ ಅರಳುಮರುಳು ಎಂದು ನಾನು ಗೆಳತಿಯರ ಮುಂದೆ ಆಡಿಕೊಂಡೆ. ಮರುವರ್ಷದಿಂದ ಅವಳು ಮಮದಾಪುರಕ್ಕೆ ಮಣ್ಣಿಗೆ ಹೋಗುವುದನ್ನೇ ಬಿಟ್ಟಳು. ಕಸ್ತೂರಿ ಸಾಲೆಯ ಡ್ರಾಯಿಂಗ್ ಪುಸ್ತಕಗಳನ್ನು ನನಗೆ ತಂದು ಕೊಡುತ್ತಿದ್ದಳು, ನಾನು ಬರೆದುಕೊಡುತ್ತಿದ್ದೆ. ರಂಗೋಲಿ ಹಾಕುವ ಸರದಿ ಬಂದರೆ ಕಸ ಹೊಡೆಯುವುದನ್ನು ತಾನು ತೆಗೆದುಕೊಂಡು ರಂಗೋಲಿ ನನಗೆ ಬಿಡುತ್ತಿದ್ದಳು. ಅವಳಿಗೆ ಅದರಲ್ಲಿ ಆಸಕ್ತಿಯಿಲ್ಲ ಎಂದು ಮನೆಯವರೆಲ್ಲ ಒಪ್ಪಿಕೊಂಡೆವು. ನಾನು ಡ್ರಾಯಿಂಗ್ ಟೀಚರಾದೆ. ಕಸ್ತೂರಿಯನ್ನು ಟಿಕೋಟದ ದ್ರಾಕ್ಷಿ ತೋಟದವರಿಗೆ ಕೊಟ್ಟರು.

ನನ್ನ ಕಣ್ಣು ತೆರೆಯಲು ನಾನು ಮುದುಕಿಯಾಗಬೇಕಾಯಿತು, ಅದೂ ಒಂದು ಹೇಸಿಗೆಯೇ. ನೌಕರಿಯ ಕೊನೆಯ ವರ್ಷ ಒಂದನೆಯ ತರಗತಿಯ ಒಂದು ಮಗು ಹಾಳೆಯ ತುಂಬ ಬರೀ ಕರಿ ಬಳಿದು ಕೊಟ್ಟಿತು. ಒರೆಸಲು ರಬ್ಬರ್ ಎತ್ತಿಕೊಂಡವಳು, ಕರಿಯನ್ನು ಒರೆಸುವುದು ಹೇಗೆಂದು ತಿಳಿಯದೆ, ಸೋತು, "ಏನಿದು?" ಎಂದೆ. "ನಮ್ಮ ಎಮ್ಮಿ ಭಾಳ ಸಮೀಪ ಬಂದೈತ್ರಿ ಟೀಚರ" ಎಂದಿತು. ನನಗೆ ನಗು ಬರಲಿಲ್ಲ. ಎಷ್ಟು ಎಮ್ಮೆಗಳನ್ನು ಒರೆಸಿ ಗುಡ್ಡ ಮಾಡಿದ್ದೇನೋ ಎಂದು ಕುರ್ಚಿಯಲ್ಲಿ ಕೂತುಬಿಟ್ಟೆ. ಅಂದಿನಿಂದ ಕಸ್ತೂರಿಗೆ ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತ, ಹೇಳಲು ಧೈರ್ಯವಿಲ್ಲದೆ ಎರಡು ಬೇಸಿಗೆ ಕಳೆದೆ.

ಈ ಬೇಸಿಗೆ ಟಿಕೋಟಕ್ಕೆ ಹೋದಾಗ ಕಸ್ತೂರಿ ತೋಟದ ಶೆಡ್ಡಿನಲ್ಲಿ ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತ ಕೂತಿದ್ದಳು. ಅವಳ ಮಗನ ಮಗಳು, ಆರು ವರ್ಷದ್ದು, ಪಕ್ಕದಲ್ಲಿ ಬೋರಲು ಮಲಗಿ ಏನೋ ಬರೆಯುತ್ತಿತ್ತು. ಕಸ್ತೂರಿ ಕೈಯೊರೆಸಿಕೊಂಡು ಆ ಹಾಳೆಯನ್ನು ಎತ್ತಿ ನನ್ನತ್ತ ಚಾಚಿದಳು.

"ಅಕ್ಕಾ, ಇದಕ್ಕ ಒಂಚೂರು ಕೈ ಹಚ್ಚ. ಸಾಲ್ಯಾಗ ಕೊಡಬೇಕಂತ. ನನ್ನಂಗ ಆಗೇತಿ ಇದರ ಕೈ, ಏನ್ ತಗದ್ರೂ ಸೊಟ್ಟ, ವಾಕಡಾ."

ನಾನು ಹಾಳೆಯನ್ನು ಮುಟ್ಟಲಿಲ್ಲ. ಎಲ್ಲ ಹೇಳಿದೆ. ಗುಳ್ಳವ್ವನ ಆರತಿಗೆ ಕರೆಯಲು ನೀನು, ಆಯಿ ಹೋಗಿದ್ದು, ಮನೆಯಲ್ಲಿ ನಾನೊಬ್ಬಳೇ ಇದ್ದದ್ದು, ಕಿತ್ತದ್ದು, ತಿದ್ದಿದ್ದು, ಮತ್ಸರ, ಎಲ್ಲ. ಒಂದೇ ಉಸಿರಿನಲ್ಲಿ, ಅವಳ ಮುಖ ನೋಡದೆ. ನಿನಗೆ ಆಗಲೇ ಗೊತ್ತಾಗಿರುತ್ತದೆ, ಇಷ್ಟು ವರ್ಷ ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದೀ ಎಂದೂ ಹೇಳಿದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ನೀನಾ?" ಎಂದಳು. ಕೈಯಲ್ಲಿದ್ದ ದ್ರಾಕ್ಷಿ ಕೈಯಲ್ಲೇ ಉಳಿಯಿತು. "ನನಗ ಗೊತ್ತ ಇರಲಿಲ್ಲಕ್ಕಾ."

"ಮತ್ತ ಏನಂತ ತಿಳದಿದ್ದಿ?"

"ಗುಳ್ಳವ್ವ ತಾನ ಬದಲಿ ಮಾಡಿಕೊಂಡಾಳ ಅಂತ ತಿಳದಿದ್ದೆ. ನಾ ಮಾಡಿದ ರೂಪ ಆಕೀಗಿ ಹೇಸಿಕಿ ಬಂದೈತಿ, ಅದಕ್ಕ ನಾವು ಹೊರಗ ಹೋದಾಗ ತನ್ನ ಮಾರಿ ತಾನ ತಿದ್ದಿಕೊಂಡಾಳ ಅಂತ. ತಪ್ಪಾತು ಯವ್ವಾ, ಇನ್ನೊಮ್ಮೆ ನಿನ್ನ ಮುಟ್ಟೂದಿಲ್ಲ ಅಂತ ಅಡ್ಡಬಿದ್ದು ಬೇಡಿಕೊಂಡೆ. ಸಣ್ಣಾಕಿ ಇದ್ದೆ ನೋಡು. ಮುಂದ ದೊಡ್ಡಾಕಿ ಆದ ಮ್ಯಾಲ ಅದನ್ನ ಮತ್ತ ಬಿಚ್ಚಿ ನೋಡಾಕ ಹೋಗಲಿಲ್ಲ. ಕೈ ಮಾತ್ರ ಹಂಗ ಹಿಂದಕ ಸರೀತಿತ್ತು."

ಹುಡುಗಿ ಮಲಗಿದಲ್ಲಿಂದಲೇ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡುತ್ತಿತ್ತು. ಐವತ್ತು ದಾಟಿದ ನನ್ನ ತಂಗಿ, ಸೊಸೆ ಮೊಮ್ಮಕ್ಕಳ ಮನೆಯನ್ನು ಆಳುವವಳು, ಸೆರಗಿನಿಂದ ಮೂಗು ಒರೆಸಿಕೊಂಡು ಸಣ್ಣ ದನಿಯಲ್ಲಿ ಕೇಳಿದಳು.

"ಅಂದ್ರ ಅಕ್ಕಾ, ಆಕೀಗಿ ನಾ ಮಾಡಿದ ರೂಪ ಸೇರಿತ್ತೇನ?"